ಶನಿಯ ಒಂಬತ್ತನೆಯ ಚಂದ್ರ

ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಶನಿಗ್ರಹಕ್ಕಿದ್ದ ಚಂದ್ರರು ಏಳೇ, ಎಂದರೆ, ಮನುಷ್ಯನಿಗೆ ತಿಳಿದಿದ್ದವರು ಏಳು. ಎಂಟನೆಯದು 1848ರಲ್ಲಿ ಸಿಕ್ಕಿತು. ಆ ಬಳಿಕ ಅರ್ಧ ಶತಮಾನ ಹೊಸದೊಂದು ಕಾಣಲಿಲ್ಲ. ನಮ್ಮ ಊರುಗಳಲ್ಲಿ ‘ಶನೀಶ್ವರ ಮಹಾತ್ಮೆ’ಯ ಪ್ರಸಂಗವನ್ನು ನೋಡಿದವರಿಗೆ ಶನಿ ಹೊಸಬನಲ್ಲ. ಆದರೆ ಅವನ ಒಂಬತ್ತನೆಯ ಅನುಚರನ ಕಥೆ ಅಷ್ಟು ಪರಿಚಿತವಲ್ಲವೆಂದು ತೋರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದಕ್ಷಿಣ ಅಮೆರಿಕದ ಪೆರು ದೇಶದ ಅರೆಕೀಪಾದಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಶಾಖೆಯೊಂದಿತ್ತು. 1898ರ ಆಗಸ್ಟಿನಲ್ಲಿ ಡಿಲೈಲ್ ಸ್ಟುವರ್ಟ್ ಎಂಬವರು ಅಲ್ಲಿನ 24 ಅಂಗುಲದ ದೂರದರ್ಶಕದಿಂದ ಶನಿಯ ಸುತ್ತಣ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಚಿತ್ರಿಸಿದರು. ಆ ಫಲಕಗಳನ್ನು ಹೋಲಿಸಿ ನೋಡಿದ ವಿಲಿಯಂ ಪಿಕರಿಂಗರಿಗೆ 1899ರ ಮಾರ್ಚಿನಲ್ಲಿ ಒಂದು ಮಸುಕು ಚುಕ್ಕೆ ಕಂಡಿತು. ನಕ್ಷತ್ರವಾದರೆ ಇದ್ದಲ್ಲೇ ಇರಬೇಕು. ಇದು ಶನಿಯ ಜೊತೆಗೇ ಸಾಗಿತ್ತು. ಅದಕ್ಕೆ ಫೀಬಿ ಎಂದು ಹೆಸರಾಯಿತು. ಛಾಯಾಚಿತ್ರದಿಂದ ಪತ್ತೆಯಾದ ಮೊತ್ತಮೊದಲ ಉಪಗ್ರಹ ಇದೇ.

ಆದರೆ ಪಂಡಿತರು ಒಡನೆ ಒಪ್ಪಲಿಲ್ಲ. 1904ರ ಹೊತ್ತಿಗೆ ಹೊಸ ಫಲಕಗಳು ಸಂಶಯವನ್ನು ನೀಗಿಸಿದುವು. ಜೊತೆಗೊಂದು ಅಚ್ಚರಿಯನ್ನೂ ತಂದುವು. ಉಳಿದೆಂಟು ಚಂದ್ರರು ಸುತ್ತುವ ದಿಕ್ಕಿಗೆ ಫೀಬಿಯದು ತೀರ ವಿರುದ್ಧ! ಟೈಟಾನ್ 16 ದಿನಗಳಲ್ಲಿ ಶನಿಯನ್ನು ಸುತ್ತಿದರೆ, ಸುಮಾರು 1 ಕೋಟಿ 30 ಲಕ್ಷ ಕಿಲೋಮೀಟರು ದೂರದ ಫೀಬಿಗೆ 550 ದಿನ ಬೇಕು. ಶನಿಯೊಡನೆ ಹುಟ್ಟಿದ್ದು ಹೀಗೆ ತಿರುಗಲಾರದು. ಬೇರೆಲ್ಲೋ ಹುಟ್ಟಿ, ಅಲೆಯುತ್ತ ಬಂದು, ಶನಿಯ ಆಕರ್ಷಣೆಗೆ ಸಿಕ್ಕಿಬಿದ್ದದ್ದೆಂದೇ ಇಂದಿನ ವಿಜ್ಞಾನಿಗಳ ಅಭಿಪ್ರಾಯ.

2004ರ ಜೂನ್ 11ರಂದು ಕ್ಯಾಸಿನಿ ನೌಕೆ 2,068 ಕಿಲೋಮೀಟರು ಸಮೀಪದಿಂದ ಹಾದು ಇದರ ಚಿತ್ರಗಳನ್ನು ಕಳುಹಿಸಿತು. ಅಡ್ಡಳತೆ ಸುಮಾರು 213 ಕಿಲೋಮೀಟರು. ಮಂಗಳೂರಿನಿಂದ ಕುಮಟೆಗೆ ರಸ್ತೆಯಲ್ಲಿ ಹೋದಷ್ಟು, ಹೆಚ್ಚುಕಡಿಮೆ. ಮೈತುಂಬ ಕುಳಿಗಳು, ಮೇಲೆ ಕರಿಯ ಹೊದಿಕೆ, ಒಳಗೆ ಮಂಜುಗಡ್ಡೆ. 2009ರಲ್ಲಿ ಇದರ ಕಕ್ಷೆಯ ಉದ್ದಕ್ಕೂ ಹರಡಿದ ವಿಶಾಲವಾದ ಧೂಳಿನ ಉಂಗುರವೂ ಪತ್ತೆಯಾಯಿತು.

ಈ ಚರಿತ್ರೆಗೆ ಇನ್ನೊಂದು ಮುಖವುಂಟು. 1905ರಲ್ಲಿ ಅದೇ ಪಿಕರಿಂಗರು ಹತ್ತನೆಯ ಚಂದ್ರನನ್ನು ಸಾರಿ ಥೆಮಿಸ್ ಎಂದು ಕರೆದರು. ಅದನ್ನು ಬೇರಾರೂ ಕಾಣಲಿಲ್ಲ. ಅಂತಹದೊಂದು ಇರಲೇ ಇಲ್ಲ. ಮನುಷ್ಯ ಅವನೇ, ವಿಧಾನವೂ ಅದೇ. ಫೀಬಿಯನ್ನು ಉಳಿಸಿದ್ದು ಪಿಕರಿಂಗರ ಕೀರ್ತಿಯಲ್ಲ, ಮತ್ತೆ ಮತ್ತೆ ಸಿಕ್ಕಿದ ಸಾಕ್ಷ್ಯ. ಆದ್ದರಿಂದ ಮೊದಲು ಸಂಶಯಪಟ್ಟವರನ್ನು ಸಂಕುಚಿತ ಬುದ್ಧಿಯವರೆಂದು ಹಳಿಯಲು ನನಗೆ ಮನಸ್ಸಿಲ್ಲ. 2025ರ ಮಾರ್ಚಿನಲ್ಲಿ 128 ಹೊಸ ಚಂದ್ರರು ಸೇರಿ ಶನಿಯ ಪರಿವಾರ 274ಕ್ಕೆ ಏರಿತು. ಆ ಒಂದೊಂದನ್ನೂ ಲೆಕ್ಕಕ್ಕೆ ಸೇರಿಸಿಕೊಂಡದ್ದು ಅಂತಹ ಸಂಶಯದ ಸೋಸಣಿಗೆಯಲ್ಲಿ ಸೋಸಿದ ಬಳಿಕವೇ.