ಕೋಟೆಯ ಜೊತೆ ಕೊಟ್ಟ ಹೆಣ್ಣುಮಕ್ಕಳು

ಖಾನಾಪುರ ತಾಲೂಕಿನ ಹಲಸಿಗೆ ಹೋದವರು ಭೂವರಾಹ ನರಸಿಂಹ ದೇವಾಲಯ ನೋಡಿ ಮರಳುತ್ತಾರೆ. ಈ ಊರೇ ಹಳೆಯ ಪಲಾಶಿಕಾ, ಕದಂಬರ ಎರಡನೆಯ ರಾಜಧಾನಿ. ಐದನೆಯ ಶತಮಾನದ ಕಾಕುಸ್ಥವರ್ಮನ ತಾಮ್ರಶಾಸನ ಸಿಕ್ಕಿದ್ದೂ ಇಲ್ಲಿಯೇ. ಅವನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೂ ಸೇರಿದಂತೆ ದೊಡ್ಡ ದೊಡ್ಡ ರಾಜಮನೆತನಗಳಿಗೆ ಕೊಟ್ಟನೆಂದು ತಾಳಗುಂದದ ಶಾಸನ ಹೊಗಳುತ್ತದೆ. ಆದರೆ ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರನ್ನೂ ಅದು ಹೇಳುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆ ಫ್ರಾನ್ಸಿನದು. ಅಲ್ಲಿನ ದೊರೆ ಏಳನೆಯ ಚಾರ್ಲ್ಸ್‌ಗೆ ಆಗ್ನೆಸ್ ಸೊರೆಲ್ ಎಂಬ ಪ್ರೇಯಸಿಯಿಂದ ಮೂವರು ಹೆಣ್ಣುಮಕ್ಕಳು: ಮಾರಿ, ಶಾರ್ಲೊಟ್, ಜಾನ್. ಚರ್ಚಿನ ಕಣ್ಣಿನಲ್ಲಿ ಅವರು ಅಕ್ರಮ ಸಂತಾನ. ಆದರೂ ಅರಮನೆ ಅವರನ್ನು ಬಿಟ್ಟುಕೊಡಲಿಲ್ಲ. 1458ರಲ್ಲಿ ತಂದೆಯೇ ಮಾರಿಯ ಮದುವೆ ಮಾಡಿಸಿದ. ಉಳಿದಿಬ್ಬರನ್ನು ಅವರ ಮಲಅಣ್ಣ, ದೊರೆ ಹನ್ನೊಂದನೆಯ ಲೂಯಿ, 1461 ಮತ್ತು 1462ರಲ್ಲಿ ಸರದಾರರ ಮನೆಗಳಿಗೆ ಕೊಟ್ಟ. ಮದುವೆಯ ಕರಾರುಪತ್ರಗಳಿಂದ ಅವರ ಹೆಸರು ಉಳಿಯಿತು. ಹೆಸರು ಉಳಿದ ಮಾತ್ರಕ್ಕೆ ಬದುಕು ಉಳಿಯಿತೇ? ಶಾರ್ಲೊಟ್‌ಳ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ಅವಳ ಗಂಡನೇ ಅವಳನ್ನು ಕೊಂದ.

ನಮ್ಮ ದಖ್ಖನಿನ ಸುಲ್ತಾನರ ಮನೆಗಳಲ್ಲಿ 'ಅಕ್ರಮ ಮಗಳು' ಎಂಬ ಹಣೆಪಟ್ಟಿ ಇಷ್ಟು ಸುಲಭವಾಗಿ ಅಂಟುತ್ತಿರಲಿಲ್ಲ. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ತಂದೆ ತನ್ನದೆಂದು ಒಪ್ಪಿದರೆ ಶರೀಅತ್ತಿನಲ್ಲಿ ಅದು ಸಕ್ರಮ ಸಂತಾನವೇ. ರಾಣಿಯ ಮಗುವಿಗಿರುವ ಹಕ್ಕೇ ಅದಕ್ಕೂ ಇತ್ತು. ಇದು ಮೆಚ್ಚಬೇಕಾದ ಮಾತು. ಆದರೆ ಅಲ್ಲಿಗೇ ನಿಂತರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ.

1524ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹ ತನ್ನ ತಂಗಿ ಮರಿಯಮ್‌ಳನ್ನು ಅಹಮದ್‌ನಗರದ ಬುರ್ಹಾನ್ ನಿಜಾಮ್‌ಶಾಹನಿಗೆ ಕೊಟ್ಟ. ಅವಳ ಜೊತೆ ಸೊಲ್ಲಾಪುರದ ಕೋಟೆಯೂ ಬರುತ್ತದೆಂದು ಗಂಡಿನ ಕಡೆಯವರು ಕಾದರು. ಕೋಟೆ ಬರಲಿಲ್ಲ, ಯುದ್ಧ ಬಂತು. ಬೀಗರು ಸೊಲ್ಲಾಪುರಕ್ಕಾಗಿ ದಶಕಗಳ ಕಾಲ ಕಾದಾಡಿದರು. 1560ರ ದಶಕದಲ್ಲಿ ಚಾಂದ್‌ಬೀಬಿ ಒಂದನೆಯ ಅಲಿ ಆದಿಲ್‌ಶಾಹನ ಕೈಹಿಡಿದು ಬಿಜಾಪುರಕ್ಕೆ ಬಂದಾಗ ಅದೇ ಸೊಲ್ಲಾಪುರ ವರದಕ್ಷಿಣೆಯಾಗಿ ಬಂತು. ಅದಕ್ಕೂ ಮೊದಲು, 15ನೆಯ ಶತಮಾನದ ಆರಂಭದಲ್ಲಿ, ಒಂದನೆಯ ದೇವರಾಯ ತನ್ನ ಮಗಳನ್ನೂ ಬಂಕಾಪುರವನ್ನೂ ಫಿರೋಜ್‌ಶಾಹ ಬಹಮನಿಗೆ ಒಪ್ಪಿಸಿದನೆಂದು ಫರಿಶ್ತಾ ಬರೆದಿದ್ದಾನೆ. ಕೋಟೆಯ ಹೆಸರು ಎಲ್ಲರಿಗೂ ಗೊತ್ತು. ಮಗಳ ಹೆಸರು ಯಾರಿಗೆ ಗೊತ್ತು?

ಬೆಳಗಾವಿಯ ಕೋಟೆಯೊಳಗೆ ಸಫಾ ಮಸೀದಿಯಿದೆ. ಇದೇ ಆದಿಲ್‌ಶಾಹಿಗಳ ಸರದಾರ ಅಸದ್‌ಖಾನ್ ಲಾರಿ ಈ ಊರನ್ನು ಆಳಿದವನು. ಆ ಕಂಬಗಳ ನಡುವೆ ಕುಳಿತಾಗ ನನಗೆ ಮಹರಿನ ನೆನಪಾಗುತ್ತದೆ. ನಿಕಾಹಿನಲ್ಲಿ ಕೊಡಬೇಕಾದವನು ಗಂಡು, ಪಡೆಯಬೇಕಾದವಳು ಹೆಣ್ಣು. ಅದು ಅವಳ ಸ್ವಂತ ಹಕ್ಕು, ಅವಳ ತಂದೆಯದೂ ಅಲ್ಲ, ಅಣ್ಣನದೂ ಅಲ್ಲ. ಸುಲ್ತಾನರು ಇದನ್ನು ತಲೆಕೆಳಗು ಮಾಡಿದರು. ಕುರ್‌ಆನ್ ಓದುತ್ತಲೇ ಕೋಟೆ ಕೇಳಿದರು.

ಸುಲ್ತಾನರು ಹೋದರು, ಕೋಟೆಗಳು ಪಾಳುಬಿದ್ದವು. ಕೇಳುವ ಚಾಳಿ ಮಾತ್ರ ಹೋಗಲಿಲ್ಲ. 1961ರಲ್ಲಿಯೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದೆ. ಆದರೂ ಮಹರನ್ನು ಕಾಗದದ ಮೇಲೆ ಬರೆದು, ಬೈಕು, ಬಂಗಾರ, ಫರ್ನಿಚರನ್ನು ಮನೆಯೊಳಗೆ ತುಂಬಿಕೊಳ್ಳುವವರು ನಮ್ಮ ಮೊಹಲ್ಲಾಗಳಲ್ಲಿಯೇ ಇದ್ದಾರೆ. ಸೊಲ್ಲಾಪುರ ಕೇಳಿದವನಿಗೂ ಇವರಿಗೂ ಇರುವ ವ್ಯತ್ಯಾಸ ಅಳತೆಯದಷ್ಟೇ.

ಮುಂದಿನ ನಿಕಾಹಿಗೆ ಹೋದಾಗ ಹುಡುಗಿಗೆ ಏನು ಕೊಟ್ಟು ಕಳಿಸಿದರೆಂದು ಕೇಳಬೇಡಿ. ಅವಳ ಹೆಸರೇನು, ಮಹರು ಅವಳ ಕೈಸೇರಿತೇ ಎಂದು ಕೇಳಿ.