ಇಶ್ ಸ್ಮಿತ್

ಸ್ಮಿತ್, ಇಶ್ : 1988– . ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರ. ಪೂರ್ಣ ಹೆಸರು ಇಶ್ಮೇಲ್ ಲ್ಯಾರಿ ಸ್ಮಿತ್. ಎತ್ತರ ಆರು ಅಡಿ. ಆಡಿದ ಸ್ಥಾನ ಪಾಯಿಂಟ್ ಗಾರ್ಡ್. ಚೆಂಡನ್ನು ಮುಂದಕ್ಕೆ ಒಯ್ದು ಅದನ್ನು ಯಾರಿಗೆ, ಯಾವ ಕ್ಷಣದಲ್ಲಿ ಕೊಡಬೇಕೆಂದು ತೀರ್ಮಾನಿಸುವುದು ಈ ಸ್ಥಾನದವರ ಹೊಣೆ. 2010ರಿಂದ 2024ರವರೆಗಿನ 14 ಋತುಗಳಲ್ಲಿ ಎನ್‌ಬಿಎಯ 30 ತಂಡಗಳ ಪೈಕಿ 13ರ ಪರವಾಗಿ ಅಂಗಳಕ್ಕಿಳಿದು, ಆ ಲೀಗ್‌ನಲ್ಲಿ ಅತಿ ಹೆಚ್ಚು ತಂಡಗಳಿಗೆ ಆಡಿದ ದಾಖಲೆ ಬರೆದರು. 2023ರಲ್ಲಿ ಡೆನ್ವರ್ ನಗೆಟ್ಸ್ ಚಾಂಪಿಯನ್ ಆದಾಗ ಆ ತಂಡದಲ್ಲಿದ್ದರು.

ಹುಟ್ಟಿದ್ದು 1988ರ ಜುಲೈ 5ರಂದು, ಉತ್ತರ ಕ್ಯಾರೊಲೈನಾ ರಾಜ್ಯದ ಷಾರ್ಲಟ್ ನಗರದಲ್ಲಿ. ಪಕ್ಕದ ಕಾಂಕರ್ಡ್‌ನಲ್ಲಿ ಪ್ರೌಢಶಾಲೆ ಮುಗಿಸಿ 2006ರಲ್ಲಿ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ ಸೇರಿದರು. ಟಿಮ್ ಡಂಕನ್, ಕ್ರಿಸ್ ಪಾಲ್, ಐದಡಿ ಮೂರಂಗುಲದ ಮಗ್ಸಿ ಬೋಗ್ಸ್ ಇವರೆಲ್ಲ ಓದಿದ ಸಂಸ್ಥೆ ಅದು. ಪಾಯಿಂಟ್ ಗಾರ್ಡ್‌ಗಳ ಪರಂಪರೆಯೇ ಅಲ್ಲಿತ್ತು. ಸ್ಮಿತ್ ಅವರನ್ನು ಕರೆತಂದ ಕೋಚ್ ಸ್ಕಿಪ್ ಪ್ರೋಸರ್ 2007ರ ಬೇಸಿಗೆಯಲ್ಲಿ ಹಠಾತ್ತನೆ ತೀರಿಕೊಂಡರು. 2009ರ ಜನವರಿಯಲ್ಲಿ ವೇಕ್ ಫಾರೆಸ್ಟ್ ಕೆಲಕಾಲ ದೇಶದ ಮೊದಲ ಶ್ರೇಯಾಂಕಕ್ಕೂ ಏರಿತ್ತು.

ಕಾಲೇಜು ದಿನಗಳ ಸ್ಮಿತ್ ಬಗ್ಗೆ ಒಂದೇ ದೃಶ್ಯ ಹೇಳುವುದಾದರೆ 2010ರ ಮಾರ್ಚ್ 18ರ ಪಂದ್ಯವನ್ನೇ ಹೇಳಬೇಕು. ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲಿ ಟೆಕ್ಸಸ್ ವಿರುದ್ಧ ಆಟ ಹೆಚ್ಚುವರಿ ಅವಧಿಗೆ ಹೋಗಿತ್ತು. ಒಂದು ಪಾಯಿಂಟ್ ಹಿಂದಿದ್ದಾಗ ಚೆಂಡು ಹಿಡಿದು ಓಡಿದ ಸ್ಮಿತ್, 1.3 ಸೆಕೆಂಡ್ ಉಳಿದಿರುವಂತೆ ಜಿಗಿದು ಎಸೆದರು. 81–80. ಎರಡೇ ದಿನಕ್ಕೆ ಕೆಂಟಕಿ ಎದುರು ಅದೇ ತಂಡ 30 ಪಾಯಿಂಟ್ ಅಂತರದಿಂದ ಮಣ್ಣುಮುಕ್ಕಿತು. ಕೆಂಟಕಿಯ ಪಾಯಿಂಟ್ ಗಾರ್ಡ್ ಜಾನ್ ವಾಲ್. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಆ ವರ್ಷದ ಎನ್‌ಬಿಎ ಡ್ರಾಫ್ಟ್‌ನಲ್ಲಿ ವಾಲ್ ಮೊದಲಿಗರಾಗಿ ಆಯ್ಕೆಯಾದರು; ಕರೆದ 60 ಹೆಸರುಗಳಲ್ಲಿ ಸ್ಮಿತ್ ಹೆಸರೇ ಇರಲಿಲ್ಲ.

ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವರನ್ನು ತಂಡಗಳು ತರಬೇತಿ ಶಿಬಿರಕ್ಕೆ ಕರೆದು ನೋಡುವುದುಂಟು. ಸ್ಮಿತ್ ಹ್ಯೂಸ್ಟನ್ ರಾಕೆಟ್ಸ್ ಸೇರಿದ್ದು ಆ ಬಾಗಿಲಿನಿಂದ. ಮೊದಲ ಋತು ಮುಗಿಯುವ ಮೊದಲೇ, 2011ರ ಫೆಬ್ರವರಿಯಲ್ಲಿ, ಶೇನ್ ಬ್ಯಾಟಿಯರ್ ಜೊತೆ ಅವರನ್ನು ಮೆಂಫಿಸ್ ಗ್ರಿಜ್ಲೀಸ್‌ಗೆ ಕಳಿಸಲಾಯಿತು. ಅಲ್ಲಿಂದ ಮುಂದಿನ ಐದು ವರ್ಷಗಳ ಕಥೆಯನ್ನು ಅರ್ಥಮಾಡಿಕೊಳ್ಳಲು ಲೀಗ್‌ನ ವ್ಯವಹಾರ ಸ್ವಲ್ಪ ತಿಳಿದಿರಬೇಕು.

ಐಪಿಎಲ್ ನೋಡುವವರಿಗೆ ಒಂಬತ್ತು ತಂಡಗಳ ಅಂಗಿ ತೊಟ್ಟ ಆರನ್ ಫಿಂಚ್ ನೆನಪಾಗಬಹುದು. ಅಲ್ಲಿ ಆಟಗಾರ ತಂಡ ಬದಲಿಸುವುದು ಹೆಚ್ಚಾಗಿ ಹರಾಜಿನಲ್ಲಿ, ಎರಡು ಋತುಗಳ ನಡುವೆ. ಎನ್‌ಬಿಎಯಲ್ಲಿ ಋತುವಿನ ನಟ್ಟನಡುವೆಯೇ ಆಟಗಾರನ ಒಪ್ಪಂದವನ್ನು ಇನ್ನೊಂದು ತಂಡಕ್ಕೆ ದಾಟಿಸಬಹುದು. ಅದಕ್ಕೆ ಟ್ರೇಡ್ ಎನ್ನುತ್ತಾರೆ. ಬಹುಪಾಲು ಆಟಗಾರರಿಗೆ ಬೇಡ ಎನ್ನುವ ಹಕ್ಕಿಲ್ಲ. ಸಂಬಳ, ಅವಧಿ ಎಲ್ಲ ಇದ್ದಂತೆಯೇ ಇರುತ್ತದೆ, ಊರು ಮಾತ್ರ ಬದಲಾಗುತ್ತದೆ. ತಂಡದಲ್ಲಿ ಪೂರ್ಣ ಒಪ್ಪಂದದ 15 ಮಂದಿಗಷ್ಟೇ ಜಾಗ. ಸಂಬಳದ ಮಿತಿ ಮೀರಿದ ತಂಡಗಳು ಕೊಡುವ, ಪಡೆಯುವ ಸಂಬಳಗಳನ್ನು ಹೆಚ್ಚುಕಡಿಮೆ ಸರಿದೂಗಿಸಬೇಕು. ಹಾಗಾಗಿ ದೊಡ್ಡ ಆಟಗಾರನೊಬ್ಬನನ್ನು ಸಾಗಿಸುವಾಗ ಲೆಕ್ಕ ಕೂಡಿಸಲೋ ಜಾಗ ತೆರವು ಮಾಡಲೋ ಸಣ್ಣ ಸಂಬಳದವರನ್ನು ಜೊತೆಗೆ ಸೇರಿಸುತ್ತಾರೆ. ಖಾತರಿಯಿಲ್ಲದ ಒಪ್ಪಂದದ ಆಟಗಾರರನ್ನು ಜನವರಿ 10ರ ಗಡುವಿನೊಳಗೆ ಕೈಬಿಟ್ಟರೆ ಉಳಿದ ಋತುವಿನ ಸಂಬಳ ತಪ್ಪುತ್ತದೆ. ಕೈಬಿಟ್ಟವರನ್ನು 48 ಗಂಟೆಯೊಳಗೆ ಬೇರೆ ಯಾವ ತಂಡ ಬೇಕಾದರೂ ಅದೇ ಒಪ್ಪಂದದ ಮೇಲೆ ಎತ್ತಿಕೊಳ್ಳಬಹುದು. ಎರಡು ತಂಡಗಳು ಕೇಳಿದರೆ ಹೆಚ್ಚು ಸೋತ ತಂಡಕ್ಕೆ ಮೊದಲ ಹಕ್ಕು.

ಈ ಯಂತ್ರದ ಪ್ರತಿಯೊಂದು ಹಲ್ಲಿಗೂ ಸ್ಮಿತ್ ಸಿಕ್ಕಿದ್ದಾರೆ. 2011ರ ಡಿಸೆಂಬರ್‌ನಲ್ಲಿ ಮೆಂಫಿಸ್ ಕೈಬಿಟ್ಟಿತು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎತ್ತಿಕೊಂಡಿತು. ಕೆಲವೇ ಪಂದ್ಯಗಳಾದ ಮೇಲೆ ಅದೂ ಬಿಟ್ಟಿತು. 2012ರ ಆರಂಭದಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ ಕರೆಯಿತು. 2013ರ ಫೆಬ್ರವರಿಯಲ್ಲಿ ಜೆ.ಜೆ. ರೆಡಿಕ್ ಜೊತೆ ಮಿಲ್ವಾಕಿ ಬಕ್ಸ್‌ಗೆ, ಆಗಸ್ಟ್‌ನಲ್ಲಿ ಕ್ಯಾರನ್ ಬಟ್ಲರ್‌ಗೆ ಬದಲಾಗಿ ಫೀನಿಕ್ಸ್ ಸನ್ಸ್‌ಗೆ. ಫೀನಿಕ್ಸ್‌ನಲ್ಲಿ ಮೊದಲ ಸಲ ಒಂದಿಡೀ ಋತು ನಿಂತು 70 ಪಂದ್ಯ ಆಡಿದರು. ಗೊರಾನ್ ಡ್ರಾಗಿಚ್, ಎರಿಕ್ ಬ್ಲೆಡ್ಸೋ ಅವರ ಬೆನ್ನಿಗಿದ್ದ ಮೂರನೆಯ ಗಾರ್ಡ್ ಆಗಿ. ಆ ವರ್ಷ ಸನ್ಸ್ 48 ಪಂದ್ಯ ಗೆದ್ದರೂ ಪ್ಲೇಆಫ್ ತಲುಪಲಿಲ್ಲ. ಋತು ಮುಗಿದ ಮೇಲೆ ಸ್ಮಿತ್ ಮತ್ತೆ ಖಾಲಿ ಕೈ. ಹ್ಯೂಸ್ಟನ್ ಎರಡನೆಯ ಬಾರಿ ತೆಗೆದುಕೊಂಡು ಡಿಸೆಂಬರ್‌ನಲ್ಲಿ ಬಿಟ್ಟಿತು, ಒಕ್ಲಹೋಮ ಸಿಟಿ ಥಂಡರ್ ಸೇರಿಸಿಕೊಂಡಿತು.

2015ರ ಫೆಬ್ರವರಿ 19, ಟ್ರೇಡ್‌ಗಳಿಗೆ ಕೊನೆಯ ದಿನ. ಒಕ್ಲಹೋಮ ಅವರನ್ನು ನ್ಯೂ ಓರ್ಲಿಯನ್ಸ್ ಪೆಲಿಕನ್ಸ್‌ಗೆ ದಾಟಿಸಿತು. ಪೆಲಿಕನ್ಸ್‌ಗೆ ಬೇಕಿದ್ದದ್ದು ಸ್ಮಿತ್ ಅಲ್ಲ, ಕೂಡಲೇ ಕೈಬಿಟ್ಟಿತು. ಅದೇ ದಿನ ತನ್ನ ಪಾಯಿಂಟ್ ಗಾರ್ಡ್ ಮೈಕಲ್ ಕಾರ್ಟರ್-ವಿಲಿಯಮ್ಸ್ ಅವರನ್ನು ಬೇರೆಡೆಗೆ ದಾಟಿಸಿದ್ದ ಫಿಲಡೆಲ್ಫಿಯ 76ರ್ಸ್ ಸ್ಮಿತ್ ಅವರನ್ನು ಎತ್ತಿಕೊಂಡಿತು.

ಫಿಲಡೆಲ್ಫಿಯ ಆಗ ಬೇಕೆಂದೇ ಸೋಲುತ್ತಿದ್ದ ತಂಡ. ಹೆಚ್ಚು ಸೋತರೆ ಡ್ರಾಫ್ಟ್‌ನಲ್ಲಿ ಒಳ್ಳೆಯ ಸರದಿ ಸಿಗುತ್ತದೆ ಎಂಬ ಲೆಕ್ಕದಲ್ಲಿ ಜನರಲ್ ಮ್ಯಾನೇಜರ್ ಸ್ಯಾಮ್ ಹಿಂಕಿ ಅನುಭವಿಗಳನ್ನೆಲ್ಲ ಸಾಗಹಾಕಿದ್ದರು. ಋತು ಮುಗಿದಾಗ ಸ್ಮಿತ್ ಅವರನ್ನೂ ಹೋಗಬಿಟ್ಟರು. ವಾಷಿಂಗ್ಟನ್ ಶಿಬಿರಕ್ಕೆ ಕರೆದು ಬಿಟ್ಟುಬಿಟ್ಟಿತು. ಎಂಟು ತಿಂಗಳ ಹಿಂದೆ ಅಂಗಿಯನ್ನೂ ಕೊಡದೆ ಕಳಿಸಿದ್ದ ನ್ಯೂ ಓರ್ಲಿಯನ್ಸ್, ಹಲವು ಗಾರ್ಡ್‌ಗಳು ಗಾಯಗೊಂಡದ್ದರಿಂದ ಅಕ್ಟೋಬರ್‌ನಲ್ಲಿ ತಾನಾಗಿ ಕರೆಯಿತು. ಅತ್ತ ಫಿಲಡೆಲ್ಫಿಯ ಡಿಸೆಂಬರ್ ಹೊತ್ತಿಗೆ 31 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಎತ್ತರದ ಹುಡುಗರಾದ ಜಹ್ಲಿಲ್ ಓಕಫೋರ್, ನರ್ಲೆನ್ಸ್ ನೋಯೆಲ್ ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಚೆಂಡು ಮುಟ್ಟಿಸುವವರೇ ಇರಲಿಲ್ಲ. ಲೀಗ್‌ಗೇ ಮುಜುಗರವಾಗಿತ್ತು, ಹಿರಿಯ ಆಡಳಿತಗಾರ ಜೆರಿ ಕೊಲಾಂಜೆಲೊ ಆ ತಿಂಗಳು ಮೇಲುಸ್ತುವಾರಿಗೆ ಬಂದರು. ಡಿಸೆಂಬರ್ 24ರಂದು ತಂಡ ಎರಡನೆಯ ಸುತ್ತಿನ ಎರಡು ಡ್ರಾಫ್ಟ್ ಸರದಿಗಳನ್ನು ಪೆಲಿಕನ್ಸ್‌ಗೆ ತೆತ್ತು ಸ್ಮಿತ್ ಅವರನ್ನು ವಾಪಸು ತಂದಿತು. ಬೇಸಿಗೆಯಲ್ಲಿ ಪುಕ್ಕಟೆಯಾಗಿ ಉಳಿಸಿಕೊಳ್ಳಬಹುದಾಗಿದ್ದ ಆಟಗಾರ ಇವರೇ. 26ರಂದು ಫೀನಿಕ್ಸ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಫಿಲಡೆಲ್ಫಿಯ ತನ್ನ ಎರಡನೆಯ ಗೆಲುವು ಕಂಡಿತು.

ತಂಡ ಕೊನೆಗೆ ಗೆದ್ದದ್ದು 10, ಸೋತದ್ದು 72. ಪವಾಡವೇನೂ ನಡೆಯಲಿಲ್ಲ. ಆದರೆ 31ರಲ್ಲಿ 1 ಎಂಬುದಕ್ಕೂ ಉಳಿದ 51ರಲ್ಲಿ 9 ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಎಲ್ಲ ತರಬೇತುದಾರರೂ ನೋಡಿದರು. ಸ್ಮಿತ್ ಪಂದ್ಯವೊಂದಕ್ಕೆ ಸರಾಸರಿ 14ಕ್ಕೂ ಹೆಚ್ಚು ಪಾಯಿಂಟ್, 7ರ ಆಸುಪಾಸು ಅಸಿಸ್ಟ್ (ಸಹ ಆಟಗಾರನ ಗಳಿಕೆಗೆ ನೇರವಾಗಿ ದಾರಿಮಾಡಿದ ಪಾಸ್) ಗಳಿಸಿದರು. ಅವರ ವೃತ್ತಿಜೀವನದ ಅತ್ಯುತ್ತಮ ಅವಧಿ ಅದು.

ಅದರ ಫಲ 2016ರ ಜುಲೈನಲ್ಲಿ ಬಂತು. ಡೆಟ್ರಾಯಿಟ್ ಪಿಸ್ಟನ್ಸ್ ಮೂರು ವರ್ಷಕ್ಕೆ 1.8 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಅಲ್ಲಿಯ ಕೋಚ್ ಸ್ಟ್ಯಾನ್ ವ್ಯಾನ್ ಗಂಡಿ, 2012ರಲ್ಲಿ ಒರ್ಲ್ಯಾಂಡೊದಲ್ಲಿ ಅವರನ್ನು ಕಂಡವರೇ. ಮುಖ್ಯ ಗಾರ್ಡ್ ರೆಜಿ ಜಾಕ್ಸನ್ ಮಂಡಿನೋವಿನಿಂದ ಹೊರಗುಳಿದಾಗ, ಮುಂದಿನ ವರ್ಷ ಪಾದದ ಕೀಲು ತಿರುಚಿಕೊಂಡಾಗ, ಎರಡೂ ಸಲ ಆ ಜಾಗಕ್ಕೆ ನಿಂತವರು ಸ್ಮಿತ್. 2017–18ರಲ್ಲಿ 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಒಪ್ಪಂದ ಪೂರ್ತಿ ಮುಗಿಸಿ 2019ರಲ್ಲಿ ಎರಡು ವರ್ಷಕ್ಕೆ ವಾಷಿಂಗ್ಟನ್ ವಿಜರ್ಡ್ಸ್ ಸೇರಿದರು. ಹಿಮ್ಮಡಿಯ ಸ್ನಾಯುರಜ್ಜು ಹರಿದು ಮನೆಯಲ್ಲಿ ಕುಳಿತಿದ್ದ ಅಲ್ಲಿಯ ಪಾಯಿಂಟ್ ಗಾರ್ಡ್ ಜಾನ್ ವಾಲ್.

2021ರಲ್ಲಿ ಹುಟ್ಟೂರಿನ ಷಾರ್ಲಟ್ ಹಾರ್ನೆಟ್ಸ್ ಹನ್ನೆರಡನೆಯ ತಂಡವಾಯಿತು. 2022ರ ಫೆಬ್ರವರಿಯಲ್ಲಿ ಮಾಂಟ್ರೆಜ್ಲ್ ಹ್ಯಾರಲ್‌ಗಾಗಿ ನಡೆದ ಟ್ರೇಡ್‌ನಲ್ಲಿ ಮತ್ತೆ ವಾಷಿಂಗ್ಟನ್‌ಗೆ, ಜುಲೈನಲ್ಲಿ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಜೊತೆ ಡೆನ್ವರ್‌ಗೆ. ನಗೆಟ್ಸ್ ಅಂಗಿಯಲ್ಲಿ ಆಡಿದ ಮೊದಲ ಪಂದ್ಯಕ್ಕೆ ದಾಖಲೆ ಅವರೊಬ್ಬರದೇ ಆಯಿತು. ನಿಕೊಲ ಯೊಕಿಚ್, ಜಮಾಲ್ ಮರ‍್ರೆ ಇದ್ದ ಆ ತಂಡ 2023ರ ಜೂನ್ 12ರಂದು ಮಯಾಮಿ ಹೀಟ್ ಅನ್ನು 4–1ರಿಂದ ಮಣಿಸಿ ತನ್ನ ಮೊದಲ ಪಟ್ಟ ಗೆದ್ದಿತು. ಸ್ಮಿತ್ ಪ್ಲೇಆಫ್ ಸಮಯವನ್ನು ಬಹುತೇಕ ಬೆಂಚಿನ ಮೇಲೇ ಕಳೆದರು. ಮುಂದಿನ ಋತುವಿಗೆ ಷಾರ್ಲಟ್ ಮತ್ತೊಮ್ಮೆ ಕರೆಸಿಕೊಂಡಿತು.

ಸ್ಮಿತ್ ಆಟದ ಬಂಡವಾಳ ವೇಗ. ಎದುರಾಳಿ ಎಸೆತ ತಪ್ಪಿದೊಡನೆ ಚೆಂಡು ಹಿಡಿದು, ರಕ್ಷಕರು ಹಿಂತಿರುಗಿ ನಿಲ್ಲುವಷ್ಟರಲ್ಲಿ ಬುಟ್ಟಿಯ ಬುಡಕ್ಕೆ ಮುಟ್ಟುತ್ತಿದ್ದರು. ಕೊರತೆ ದೂರದ ಎಸೆತದಲ್ಲಿತ್ತು. ಅವರ ಕಾಲದಲ್ಲೇ ಎನ್‌ಬಿಎ ಮೂರು ಪಾಯಿಂಟ್ ಎಸೆತದ ಬೆನ್ನುಹತ್ತಿದ್ದರಿಂದ ಈ ಕೊರತೆ ದುಬಾರಿಯಾಯಿತು: ರಕ್ಷಕರು ಅವರನ್ನು ದೂರದಲ್ಲೇ ಬಿಟ್ಟು ಒಳಗೆ ಗುಂಪುಗೂಡುತ್ತಿದ್ದರು. ಖಾಯಂ ಜಾಗ ಸಿಗದಿರಲು ಇದೇ ಮುಖ್ಯ ಕಾರಣವೆನ್ನಬಹುದು.

ಹಿಂದಿನ ದಾಖಲೆ 12 ತಂಡಗಳದ್ದು. ಚಕಿ ಬ್ರೌನ್, ಟೋನಿ ಮ್ಯಾಸನ್‌ಬರ್ಗ್, ಜಿಮ್ ಜಾಕ್ಸನ್, ಜೋ ಸ್ಮಿತ್ ಈ ನಾಲ್ವರು ಅದನ್ನು ಹಂಚಿಕೊಂಡಿದ್ದರು. ಇವರಲ್ಲಿ ಜೋ ಸ್ಮಿತ್ 1995ರ ಡ್ರಾಫ್ಟ್‌ನ ಮೊದಲ ಆಯ್ಕೆ. ಹೀಗಾಗಿ ಈ ಪಟ್ಟಿ ಸೋತವರ ಪಟ್ಟಿ ಎಂದು ನಗುವುದು ಸರಿಯಲ್ಲ. ಬ್ಯಾಟಿಯರ್, ರೆಡಿಕ್, ಬಟ್ಲರ್, ಹ್ಯಾರಲ್, ಕಾಲ್ಡ್‌ವೆಲ್-ಪೋಪ್: ಇಶ್ ಸ್ಮಿತ್ ಅವರನ್ನು ಸಾಗಿಸಿದ ಟ್ರೇಡ್‌ಗಳಲ್ಲಿ ಪತ್ರಿಕೆಗಳ ತಲೆಬರಹ ಈ ಹೆಸರುಗಳಿಗೇ ಹೋಯಿತು. ಆದರೆ ಹ್ಯೂಸ್ಟನ್, ಫಿಲಡೆಲ್ಫಿಯ, ವಾಷಿಂಗ್ಟನ್, ಷಾರ್ಲಟ್ ನಾಲ್ಕೂ ಅವರನ್ನು ಒಮ್ಮೆ ಕಳಿಸಿ ಮತ್ತೆ ಬರಮಾಡಿಕೊಂಡವು. ಆಟ ಬಾರದವರನ್ನು ಯಾವ ತಂಡವೂ ಎರಡನೆಯ ಸಲ ಕರೆಯುವುದಿಲ್ಲ.