ನಾಲ್ಕು ಜಿಬಿಗೆ ನಿಂತ ಮದುವೆ

ಹೋದ ಭಾನುವಾರ ಹೊಸಕೋಟೆ ಮನೆಯಲ್ಲಿ, ಟೀವಿಗೆ ಜೋಡಿಸಿರೋ ಲಿನಕ್ಸ್ ಕಂಪ್ಯೂಟರಿನಲ್ಲಿ ಅಕ್ಕನ ಮದುವೆ ವಿಡಿಯೋ ಹಾಕಿದ್ದೆ. ತೀರಿಕೊಂಡ ತಾತ ಅಕ್ಷತೆ ಹಾಕೋದನ್ನ ನೋಡಬೇಕು ಅಂತ ಅಜ್ಜಿ ಕಾಯ್ತಾ ಕೂತಿದ್ರು. ತಾಳಿ ಕಟ್ಟೋಕೆ ಮುಂಚೆಯೇ ಚಿತ್ರ ನಿಂತೋಯ್ತು!

ಆರು ಜಿಬಿ ಫೈಲಿನಲ್ಲಿ ಡಿಸ್ಕಿಗೆ ಬಂದಿದ್ದು ನಾಲ್ಕೇ ಜಿಬಿ. ಕಾಪಿ ಮಾಡುವಾಗ ಬಂದ ಎರರ್ ನಾನೇ ಗಮನಿಸಿರಲಿಲ್ಲ.

ಕಾರಣ ಬಹಳ ಹಳೇದು. ಫ್ಯಾಟ್ ಹುಟ್ಟಿದ್ದು 1977ರಲ್ಲಿ, ಫ್ಲಾಪಿಗಳ ಕಾಲದಲ್ಲಿ. 1996ರಲ್ಲಿ ಬಂದ ಫ್ಯಾಟ್32 ದೊಡ್ಡ ಡಿಸ್ಕುಗಳನ್ನ ಒಪ್ಪಿಕೊಂಡಿತು. ಆದರೆ ಒಂದು ಫೈಲಿನ ಗಾತ್ರ ಬರೆದಿಡೋಕೆ ಅದರಲ್ಲಿರೋ ಜಾಗ 32 ಬಿಟ್ ಮಾತ್ರ. ಅಂದರೆ ಹೆಚ್ಚೆಂದರೆ 4,29,49,67,295 ಬೈಟ್. 1993ರ ಎನ್‌ಟಿಎಫ್‌ಎಸ್‌ಗೆ ಈ ಮಿತಿ ಇರಲಿಲ್ಲ. ಆದರೆ ಲಿನಕ್ಸಿನಿಂದ ಧೈರ್ಯವಾಗಿ ಅದಕ್ಕೆ ಬರೆಯೋಕೆ 2007ರ ಎನ್‌ಟಿಎಫ್‌ಎಸ್-3ಜಿ ಬರಬೇಕಾಯ್ತು. 2006ರ ಎಕ್ಸ್‌ಫ್ಯಾಟ್‌ನ ವಿವರಗಳನ್ನ ಮೈಕ್ರೋಸಾಫ್ಟ್ ಬಹಿರಂಗ ಮಾಡಿದ್ದು 2019ರಲ್ಲಿ. ಅದೇ ವರ್ಷ ಲಿನಕ್ಸ್ 5.4 ಕರ್ನೆಲ್ ಅದನ್ನ ಸೇರಿಸಿಕೊಂಡಿತು.

ಅಪ್ಪನ ವಿಂಡೋಸೂ ಓದಬೇಕಲ್ಲ? ಡಿಸ್ಕಿನಲ್ಲಿದ್ದ ಫೋಟೋಗಳನ್ನ ಬೇರೆ ಕಡೆ ಇಟ್ಟು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಲ್ಯಾಪ್‌ಟಾಪಿನಿಂದ ಮತ್ತೆ ಕಾಪಿ ಮಾಡಿದೆ.

ಸಂಜೆ ತಾತ ಬಂದ್ರು. "ಇನ್ನೊಂದ್ಸಲ ಹಾಕಪ್ಪಾ" ಅಂದ್ರು ಅಜ್ಜಿ.